ಕಂಡರೂ ಪ್ರಮಾಣಿಸಿ ನೋಡು

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ನಾಣ್ಣುಡಿ ನಮ್ಮಲ್ಲಿ ಹಳೆಯದು. ಆಕಾಶದಿಂದ ಭೂಮಿಯನ್ನು ನೋಡುವ ಕಣ್ಣುಗಳು ದಿನದಿನಕ್ಕೆ ಹೆಚ್ಚುತ್ತಿರುವ ಈ ಕಾಲದಲ್ಲಿ ಆ ಮಾತಿಗೆ ಹೊಸ ಅರ್ಥವೊಂದು ಒದಗಿದೆ. 1972ರಲ್ಲಿ ಮೊದಲನೆಯ ಲ್ಯಾಂಡ್‌ಸ್ಯಾಟ್ ಉಪಗ್ರಹ ಮೇಲೇರಿದಂದಿನಿಂದ ಭೂಮಿಯ ಚಿತ್ರಗಳಿಗೆ ಬರವಿಲ್ಲ. ಆದರೆ ಚಿತ್ರವು ಒಂದು ಸಾಕ್ಷಿ ಮಾತ್ರ. ಒಂದೇ ಸಾಕ್ಷಿಯ ಮಾತಿನಿಂದ ತೀರ್ಪು ಹೇಳುವ ನ್ಯಾಯಾಧೀಶನನ್ನು ಯಾರೂ ಮೆಚ್ಚರು.

ಇದಕ್ಕೆ ವಾಯವ್ಯ ಭಾರತದ ಅಂತರ್ಜಲದ ಕಥೆಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ಪಂಜಾಬು ಹರಿಯಾಣಗಳ ಹೊಲಗಳು ಹಚ್ಚಹಸುರಾಗಿ ಕಾಣುತ್ತವೆ. ನೋಡಿದವರು ಸಮೃದ್ಧಿಯೆಂದೇ ಹೇಳಿಯಾರು. ಆ ಹಸುರಿನ ಕೆಳಗೆ ನಡೆಯುವುದು ಯಾವ ಛಾಯಾಚಿತ್ರಕ್ಕೂ ನಿಲುಕದು. 2002ರಲ್ಲಿ ಹಾರಿದ ಗ್ರೇಸ್ ಎಂಬ ಅವಳಿ ಉಪಗ್ರಹಗಳು ಚಿತ್ರ ತೆಗೆಯಲು ಹೋದವಲ್ಲ. ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೊಂದು ಸಾಗುತ್ತ, ಆ ಅಂತರವು ಕೂದಲೆಳೆಗಿಂತ ಕಡಮೆ ವ್ಯತ್ಯಾಸವಾದರೂ ಗುರುತಿಸುತ್ತ, ಅದರಿಂದ ಭೂಮಿಯ ಗುರುತ್ವಾಕರ್ಷಣೆಯ ಏರಿಳಿತವನ್ನು ತಿಳಿಸುತ್ತಿದ್ದುವು. ನೀರಿಗೂ ತೂಕವುಂಟಷ್ಟೆ, ಅದು ಬರಿದಾದರೆ ಸೆಳೆತವೂ ತಗ್ಗುತ್ತದೆ.

ಆದರೆ ಇದು ಬಾವಿಯ ನೀರು, ಇದು ಮಣ್ಣಿನ ತೇವ ಎಂಬ ಭೇದ ತಕ್ಕಡಿಗೆ ತಿಳಿಯದು. ಮ್ಯಾಥ್ಯೂ ರೋಡೆಲ್ ಮತ್ತು ಸಂಗಡಿಗರು 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಅವರು ಒಟ್ಟು ತೂಕದಿಂದ ಮಣ್ಣಿನ ತೇವದ ಲೆಕ್ಕವನ್ನು ಕಳೆದರು. ಮಳೆಯ ದಾಖಲೆಗಳನ್ನು ಪಕ್ಕದಲ್ಲಿಟ್ಟು, ಬರಗಾಲವೇ ಕಾರಣವಿರಬಹುದೆಂಬ ಸಂಶಯವನ್ನೂ ಕಳೆದರು. ಉಳಿದ ಉತ್ತರ ಇದು: 2002ರ ಆಗಸ್ಟಿನಿಂದ 2008ರ ಅಕ್ಟೋಬರಿನವರೆಗೆ ರಾಜಸ್ಥಾನ, ಪಂಜಾಬ್, ಹರಿಯಾಣ, ದೆಹಲಿಗಳ ನೆಲದಡಿಯಿಂದ 109 ಘನ ಕಿಲೋಮೀಟರಿನಷ್ಟು ನೀರು ಬರಿದಾಗಿತ್ತು. ನಮಗೆ ಪರಿಚಿತವಾದ ಅಳತೆಯಲ್ಲಿ ಹೇಳುವುದಾದರೆ, ಕೃಷ್ಣರಾಜಸಾಗರವನ್ನು 70ಕ್ಕೂ ಹೆಚ್ಚು ಸಲ ತುಂಬಬಲ್ಲ ನೀರದು.

ತರ್ಕಶಾಸ್ತ್ರದ ಮಾತಿನಲ್ಲಿ ಹಸುರಿನ ಚಿತ್ರ ಪ್ರತ್ಯಕ್ಷ. ಗ್ರೇಸ್ ಕೊಟ್ಟದ್ದು ಅನುಮಾನ. ಎರಡಕ್ಕೂ ಮಿತಿಯುಂಟು. ಗ್ರೇಸಿನ ದೃಷ್ಟಿ ನೂರಾರು ಕಿಲೋಮೀಟರ್ ವಿಸ್ತಾರದ್ದು; ಒಂದು ಹಳ್ಳಿಯ ಬವಣೆ ಅದಕ್ಕೆ ಕಾಣದು. ಕೇಂದ್ರ ಅಂತರ್ಜಲ ಮಂಡಳಿಯವರು ವರ್ಷಕ್ಕೆ 4 ಬಾರಿ ಅಳೆಯುವ ಬಾವಿಯಾದರೋ ತನ್ನ ಆಳವನ್ನು ನಿಖರವಾಗಿ ಹೇಳುತ್ತದೆ, ನೆರೆಯ ಬಾವಿಯ ವಿಷಯದಲ್ಲಿ ಮೌನವಾಗಿರುತ್ತದೆ. ಇವುಗಳ ನಡುವಣ ತೆರವನ್ನು ತುಂಬಲು ಈಗ ನಿಸಾರ್ ಬಂದಿದೆ. ಅಮೆರಿಕದ ನಾಸಾ ಮತ್ತು ನಮ್ಮ ಇಸ್ರೋ ಕೂಡಿ ನಿರ್ಮಿಸಿ, ಬೆಂಗಳೂರಿನಲ್ಲಿ ಜೋಡಿಸಿ, 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿಸಿದ ಈ ಉಪಗ್ರಹದ ರೇಡಾರಿಗೆ ಮೋಡವೂ ಇರುಳೂ ಅಡ್ಡಿಯಲ್ಲ. ನೀರು ಬತ್ತಿ ನೆಲ ಸೆಂಟಿಮೀಟರಿನಷ್ಟು ಕುಸಿದರೂ ಅದು ಗುರುತಿಸಬಲ್ಲುದು.

ಇಷ್ಟು ಸಾಕ್ಷಿಗಳು ಒದಗಿದಾಗ ಅಪಾಯವೊಂದು ಮೂಡುತ್ತದೆ. ಉಪಗ್ರಹದ ವೈಭವಕ್ಕೆ ಮಾರುಹೋಗಿ, ಹಗ್ಗ ಇಳಿಬಿಟ್ಟು ಬಾವಿಯ ಆಳ ಅಳೆಯುವವನು ಇನ್ನು ಬೇಡವೆಂದು ಆಡಳಿತಕ್ಕೆ ತೋರಬಹುದು. ಹಾಗಾದರೆ ಆಕಾಶದ ಲೆಕ್ಕ ತಪ್ಪಿದಾಗ ತಿದ್ದುವವರಾರು? ಸಾಕ್ಷಿಗಳು ಪರಸ್ಪರ ಒಪ್ಪದಿದ್ದಾಗಲೇ ವಿಚಾರ ಆರಂಭವಾಗುತ್ತದೆ. ವಿಚಾರ ಮುಗಿದ ಮೇಲೆ ತೀರ್ಪೂ ಬೇಕು. ಪಂಜಾಬಿನಲ್ಲಿ ವರ್ಷವರ್ಷ ಇಂಗುವ ನೀರಿಗಿಂತ ಎತ್ತುವ ನೀರೇ ಇಂದಿಗೂ ಹೆಚ್ಚು. ಅದನ್ನು ತಗ್ಗಿಸುವ ಹೊಣೆಯನ್ನು ಯಾವ ಉಪಗ್ರಹವೂ ಹೊರಲಾರದು.