ದಾದಿ ಹೇಳಲಿ, ಮಕ್ಕಳು ಬರೆಯಲಿ

ಮನೆಯಲ್ಲಿ ಚಿಕ್ಕ ಮಕ್ಕಳಿಗೆ "ಓದು, ಓದು" ಎನ್ನುವವರು ಬೇಕಾದಷ್ಟು ಜನ ಇದ್ದಾರೆ. "ಒಂದು ಕಥೆ ಬರಿ ನೋಡೋಣ" ಎನ್ನುವವರು ಕಡಿಮೆ. ಶಾಲೆಯಲ್ಲೂ ಪ್ರಬಂಧವೆಂದರೆ ಗೈಡ್‌ನಲ್ಲಿರುವುದನ್ನು ಬಾಯಿಪಾಠ ಮಾಡಿ ಇಳಿಸುವುದು. ಹಾಗಾಗಿ ಪಿಯುಸಿಗೆ ಬಂದ ಮೇಲೂ ನಮ್ಮಲ್ಲಿ ಅನೇಕರಿಗೆ ಸ್ವಂತವಾಗಿ ನಾಲ್ಕು ಸಾಲು ಬರೆಯಲು ಕೈ ಓಡುವುದಿಲ್ಲ.

ನಮ್ಮಂಥ ಉರ್ದು ಮನೆಗಳಲ್ಲಿ ಇನ್ನೊಂದು ತೊಡಕಿದೆ. ಆಡುವುದು ದಖನಿ, ಶಾಲೆಯಲ್ಲಿ ಬರೆಯುವುದು ಕನ್ನಡ ಅಥವಾ ಇಂಗ್ಲಿಷ್, ಮದರಸಾದಲ್ಲಿ ಓದುವುದು ಅರಬ್ಬಿ. ಎಷ್ಟೋ ಕಡೆ ಅಮ್ಮಿಗೆ ಉರ್ದು ಲಿಪಿ ಬರುತ್ತದೆ, ಕನ್ನಡ ಬರುವುದಿಲ್ಲ. ಮಗುವಿಗೆ ಕನ್ನಡ ಬರುತ್ತದೆ, ಉರ್ದು ಓದಲು ಬರುವುದಿಲ್ಲ. ಮಗು ಬರೆದರೂ ಮನೆಯಲ್ಲಿ ಓದುವವರಿಲ್ಲ. ದಿನವಿಡೀ "ಹೌ", "ನಕ್ಕೋ" ಎಂದು ಆಡುವ ಮಾತಿಗೆ ಕಾಗದದ ಮೇಲೆ ಜಾಗವಿಲ್ಲ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ.

ಬಾನು ಮುಷ್ತಾಕ್ ಅವರ ಮನೆಮಾತೂ ಉರ್ದುವೇ. ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದಾಗ ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿತ್ತು. ದೀಪಾ ಭಾಸ್ತಿ ಅನುವಾದಿಸಿದ ಅವರ ಕಥೆಗಳ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಅದೇ ವಾರ ಎಷ್ಟು ಮನೆಗಳಲ್ಲಿ ಮಗುವಿನ ಕೈಗೆ ಒಂದು ಖಾಲಿ ನೋಟ್‌ಬುಕ್ ಬಂತು?

ಫೋನ್ ಇಲ್ಲಿ ನೆರವಿಗೆ ಬರುತ್ತದೆ. ರಾತ್ರಿ ಊಟವಾದ ಮೇಲೆ ದಾದಿಯೋ ನಾನಿಯೋ ಹೇಳುವ ಕಥೆಯನ್ನು ರೆಕಾರ್ಡ್ ಮಾಡಿ. ಮರುದಿನ ಮಗು ಅದನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತಾ ಕನ್ನಡದಲ್ಲಿ ಬರೆಯಲಿ. ಕನ್ನಡದ ಪದ ಸಿಗದಿದ್ದರೆ ದಖನಿ ಪದವನ್ನೇ ಕನ್ನಡ ಅಕ್ಷರದಲ್ಲಿ ಇಡಲಿ, ಬೇಕಾದರೆ ಕೊನೆಯನ್ನೇ ಬದಲಿಸಲಿ. ಆಮೇಲೆ ದಾದಿಗೆ ಓದಿ ಹೇಳಲಿ. "ನಾನು ಹಾಗೆ ಹೇಳಲೇ ಇಲ್ಲ" ಎಂದು ದಾದಿ ಜಗಳ ತೆಗೆದರೆ ಇನ್ನೂ ಒಳ್ಳೆಯದು! ಒತ್ತಕ್ಷರಕ್ಕೆ ಹೆದರುವ ಮಗು ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಹೇಳಬಹುದು. ಅದು ತಪ್ಪು ತಪ್ಪಾಗಿ ಬರೆದದ್ದನ್ನು ತಿದ್ದುವುದೂ ಕಲಿಕೆಯೇ.

ಆದರೆ "ಕಥೆ ಬರೆದು ಕೊಡು" ಎಂದು ಎಐಗೆ ಹೇಳುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಗಲ್ಲಿಯ ನಲ್ಲಿ ಮುಂದಿನ ಜಗಳ ಅದಕ್ಕೆ ಗೊತ್ತಿಲ್ಲ. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಅದು ಬೇರೆಯವರ ಹಣವನ್ನು ನಮ್ಮ ಖಾತೆಗೆ ಜಮಾ ಮಾಡಿ ತೋರಿಸಿದಂತೆ.

ಮನೆಯಲ್ಲಿರುವ ಒಂದೇ ಫೋನ್ ಅಬ್ಬಾ ಜೊತೆ ಕೆಲಸಕ್ಕೆ ಹೋಗುತ್ತದೆ ಎನ್ನುವವರಿದ್ದಾರೆ. ನಿಜ. ಅಂಥಲ್ಲಿ ಭಾನುವಾರದ ಅರ್ಧ ಗಂಟೆ ಸಾಕು.

ಇದಕ್ಕಿಂತ ದೊಡ್ಡ ಅಡ್ಡಿ ಬೇರೆಯೇ ಇದೆ. ಮಗು ಬರೆದ ನೋಟ್‌ಬುಕ್ ಅನ್ನು ಕೇಳದೆ ತೆರೆಯುವುದು, ಗಟ್ಟಿಯಾಗಿ ಓದಿ ನಗುವುದು, ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುವುದು. ಹುಡುಗಿಯಾದರೆ "ಇದು ಯಾರ ಬಗ್ಗೆ ಬರೆದಿದ್ದೀಯ?" ಎಂಬ ವಿಚಾರಣೆ ಬೇರೆ. ಕಥೆಯಲ್ಲಿ ಬರುವ ಹುಡುಗಿ ಮನೆ ಬಿಟ್ಟು ಹೋದರೆ ಬರೆದವಳೂ ಹೊರಟಿದ್ದಾಳೆ ಎಂದು ಅರ್ಥವಲ್ಲ. ಒಂದು ಸಲ ಹೀಗಾದರೆ ಆ ಮಗು ಮುಂದೆ ದೊಡ್ಡವರಿಗೆ ಹಿಡಿಸುವುದನ್ನೇ ಬರೆಯುತ್ತದೆ, ಇಲ್ಲವೇ ಬರೆಯುವುದನ್ನೇ ಬಿಡುತ್ತದೆ. ಆದ್ದರಿಂದ ಅಣ್ಣ, ಅಕ್ಕಂದಿರಾದ ನಾವು ಮೊದಲು ಮಾಡಬೇಕಾದದ್ದು ಆ ನೋಟ್‌ಬುಕ್ಕಿಗೆ ಕಾವಲು ನಿಲ್ಲುವುದು.

ಸಂಪಾದಕ ಮಂಡಳಿಗೆ ಒಂದು ವಿನಂತಿ: ಮುಂದಿನ ಸಂಚಿಕೆಯಲ್ಲಿ ನಮ್ಮ ತಮ್ಮ ತಂಗಿಯರ ಕಥೆಗಳಿಗೆ ಒಂದು ಪುಟ ಬಿಟ್ಟುಕೊಡಿ. ಕಾಗುಣಿತ ನೋಡಿಕೊಳ್ಳಲು ನಾನು ಸಿದ್ಧ. ಆದರೆ ಯಾವ ಕಥೆ ಅಚ್ಚಾಗಬೇಕೆಂದು ಬರೆದವರೇ ಹೇಳಲಿ.