ಮೊದಲು ಎರಡು ಚೀಲ ಸಾಕು



ವಸ್ತ್ರಾಪುರದ ಕೆರೆಯ ಆಚೀಚೆ ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರ ಬಾಯಲ್ಲಿ ಈಗ ಕೆಲವು ತಿಂಗಳಿಂದ ಒಂದೇ ಮಾತು, ಅಣಬೆ. ಸಂಬಳದ ದಿನ ಅಣಬೆ, ರಾತ್ರಿ ಪಾಳಿ ಮುಗಿಸಿ ಚಹಾ ಕುಡಿಯುವಾಗ ಅಣಬೆ. ನಾರೋಲಿನ ಬಟ್ಟೆ ಗಿರಣಿಗಳಲ್ಲಿರುವ ಬಂಧುಗಳೂ ಕೇಳತೊಡಗಿದ್ದಾರೆ. ಒಂದು ಕೋಣೆಯಿದ್ದರೆ ಸಾಕಂತೆ, ತಿಂಗಳಿಗೆ 30 ಸಾವಿರ ಬರುತ್ತದಂತೆ, ಬೀಜ ಕೊಟ್ಟವರೇ ಬೆಳೆಯನ್ನೂ ಕೊಂಡುಕೊಳ್ಳುತ್ತಾರಂತೆ. ಈ ಅಂತೆಕಂತೆಗಳಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ಹೇಳುವುದು ನಮ್ಮ ಕರ್ತವ್ಯವೆಂದು ತಿಳಿದು ಇದನ್ನು ಬರೆಯುತ್ತಿದ್ದೇವೆ. ನಮ್ಮದು ಏಳನೆಯ ತರಗತಿಯ ಓದು. ಆದರೆ ಎರಡು ಸಲ ಕೆಡಿಸಿಕೊಂಡು ಮೂರನೆಯ ಸಲ ಬೆಳೆದು ತಿಂದವರು ನಾವು. ಬರೆಯಲು ಅಷ್ಟು ಹಕ್ಕು ಸಾಕೆಂದು ನಂಬಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಅಣಬೆ ಬೆಳೆಯಿರಿ, ಊಟದ ತಟ್ಟೆಗಾಗಿ ಬೆಳೆಯಿರಿ. ಅದಕ್ಕಾಗಿ ಸಾಲ ಮಾಡಬೇಡಿ, ಕೆಲಸ ಬಿಡಬೇಡಿ, ಯಾರ ಕರಾರುಪತ್ರಕ್ಕೂ ಸಹಿ ಹಾಕಬೇಡಿ.

ಅಣಬೆಯೆಂದರೆ ಮೂಗು ಮುರಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. ನಾವು ನಾಯಿಕೊಡೆ ಎಂದು ಹಳಿದರೆ ಗುಜರಾತಿಗಳು 'ಬಿಲಾಡಿನೋ ಟೋಪ್', ಬೆಕ್ಕಿನ ಟೋಪಿ, ಎನ್ನುತ್ತಾರೆ. ನಾಯಿಗೆ ಕೊಡೆ, ಬೆಕ್ಕಿಗೆ ಟೋಪಿ; ಮನುಷ್ಯನಿಗೆ ಮಾತ್ರ ಏನೂ ಇಲ್ಲ! ಕರಾವಳಿ ಮಲೆನಾಡಿನಿಂದ ಬಂದವರಿಗೆ ಮಾತ್ರ ಇದು ಹೊಸದಲ್ಲ. ಮೊದಲ ಮಳೆ ಗುಡುಗಿದ ಮೇಲೆ ಹುತ್ತದ ಬಳಿ ಏಳುವ ಅಣಬೆಯನ್ನು ಅಜ್ಜಿ ಸೆರಗಿನಲ್ಲಿ ತುಂಬಿಕೊಂಡು ಬರುತ್ತಿದ್ದುದು, ತೆಂಗಿನಕಾಯಿ ಅರೆದು ಮಾಡಿದ ಆ ಗಸಿಯ ಘಮ, ಮರೆಯುವಂಥದಲ್ಲ. ಆದರೆ ಒಂದು ಎಚ್ಚರ: ಅಜ್ಜಿಗೆ ಅಣಬೆಯ ಗುರುತಿತ್ತು, ನಮಗಿಲ್ಲ. ಮಳೆಗಾಲದಲ್ಲಿ ಕೆರೆಯಂಚಿನ ತೋಟದಲ್ಲಿ ಎದ್ದ ಯಾವುದನ್ನೂ ಕಿತ್ತು ಬೇಯಿಸಬೇಡಿ. ವಿಷದ ಅಣಬೆ ಬೇಯಿಸಿದರೂ ವಿಷವೇ. ನಾವು ಹೇಳುತ್ತಿರುವುದು ಬೀಜ ತಂದು ಹುಲ್ಲಿನಲ್ಲಿ ಬೆಳೆಯುವ ಚಿಪ್ಪಣಬೆಯ ಮಾತು. ಉತ್ತರದವರು ಧಿಂಗ್ರಿ ಎನ್ನುತ್ತಾರೆ. ಕಪ್ಪೆಚಿಪ್ಪಿನ ಆಕಾರ, ಬಿಳಿ ಇಲ್ಲವೆ ಬೂದು ಬಣ್ಣ.

ಇದು ಪರದೇಶದ ಸಾಹೇಬರ ಊಟವೆಂದು ತಿಳಿದವರೂ ಇದ್ದಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ, ಊಟಕ್ಕೆ ತತ್ವಾರವಾಗಿದ್ದಾಗ, ಜರ್ಮನರು ಇದನ್ನು ಮರದ ಕೊರಡಿನ ಮೇಲೆ ಬೆಳೆಸಿದರೆಂಬುದು ನಿಜ. ಆದರೆ ನಮ್ಮ ಬತ್ತದ ಹುಲ್ಲಿನ ಮೇಲೆ ಇದನ್ನು ಬೆಳೆಯುವ ಬಗೆಯನ್ನು ಮೈಸೂರಿನಲ್ಲೇ ಪರೀಕ್ಷಿಸಿ ನೋಡಿದವರಿದ್ದಾರೆ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಬಾನೊ ಮತ್ತು ಶ್ರೀವಾಸ್ತವ ಎಂಬಿಬ್ಬರು ಆ ಕೆಲಸ ಮಾಡಿ 1962ರಲ್ಲಿ ಬರೆದು ಪ್ರಕಟಿಸಿದರು. ದನ ತಿಂದು ಉಳಿದ ಹುಲ್ಲಿನಿಂದ ಮನುಷ್ಯನಿಗೆ ಆಹಾರ! ಕನ್ನಡ ನಾಡಿನಲ್ಲಿ ನಡೆದ ಈ ಕೆಲಸವನ್ನು ಇಷ್ಟು ವರ್ಷ ನಾವೇ ಅರಿಯದೆ ಹೋದೆವು.

ಇನ್ನು ಬೆಳೆಯುವ ಬಗೆ. ಹೋಟೆಲಿನ ಒಳಗೆಲಸ ಗೊತ್ತಿದ್ದವನಿಗೆ ಇದರಲ್ಲಿ ಅರ್ಧ ವಿದ್ಯೆ ಬಂದಂತೆಯೇ. ಇಲ್ಲಿ ಗೋಧಿ ಹುಲ್ಲು ದನದ ಮೇವಿನ ಅಂಗಡಿಯಲ್ಲಿ ಸಿಗುತ್ತದೆ, ಖೇಡಾ ಜಿಲ್ಲೆಯ ಕಡೆಯಿಂದ ಬತ್ತದ ಹುಲ್ಲು ಬರುತ್ತದೆ. ಈ ವರ್ಷದ್ದಾಗಿರಬೇಕು, ಹೊಂಬಣ್ಣವಿರಬೇಕು, ಮಳೆ ತಿಂದಿರಬಾರದು. ಗಿರಣಿಯ ಬಂಧುಗಳು ವೇಸ್ಟು ಹತ್ತಿಯಲ್ಲಿ ಆಗುವುದಿಲ್ಲವೆ ಎಂದು ಕೇಳಿದರು. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಅದು ನೂಲುವ ಗಿರಣಿಯ ಶುದ್ಧ ಹತ್ತಿಯಾಗಿರಬೇಕು. ಬಣ್ಣ, ಎಣ್ಣೆ, ರಾಸಾಯನಿಕ ತಾಗಿದ ಚಿಂದಿಯನ್ನು ಮುಟ್ಟಲೇಬೇಡಿ. ಅದರಲ್ಲಿರುವುದನ್ನೆಲ್ಲ ಅಣಬೆ ಹೀರೀತು, ಕೊನೆಗೆ ಅದು ನಮ್ಮ ಮಕ್ಕಳ ಹೊಟ್ಟೆ ಸೇರೀತು.

ಹುಲ್ಲನ್ನು ಎರಡು ಮೂರು ಅಂಗುಲಕ್ಕೆ ಕತ್ತರಿಸಿ ಒಂದು ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ಆ ನೀರು ಚೆಲ್ಲಿ, ಹುಲ್ಲನ್ನು ಬಿಸಿನೀರಿನ ಹಂಡೆಯಲ್ಲಿ ಮುಳುಗಿಸಿ, ಮೇಲೇಳದಂತೆ ಭಾರ ಹೇರಿ ಒಂದು ಗಂಟೆ ಇಡಬೇಕು. ನೀರಿನ ಬಿಸಿ 70ರಿಂದ 80 ಡಿಗ್ರಿ, ಎಂದರೆ ಕುದಿ ಹತ್ತುವ ಮೊದಲಿನ ಹದ. ಹುಲ್ಲಿನಲ್ಲಿರುವ ಬೂಷ್ಟನ್ನು ಅಡಗಿಸಿ ನಮ್ಮ ಬೀಜಕ್ಕೆ ದಾರಿ ಬಿಡಿಸುವುದಕ್ಕೆ ಇಷ್ಟೆಲ್ಲ. ಆಮೇಲೆ ಇಳಿಜಾರಿಗೆ ಹರಡಿ ನೀರು ಬಸಿಯಬೇಕು, ಪೂರ್ತಿ ಆರಬೇಕು. ಅವಲಕ್ಕಿ ನೆನೆಸಿ ಹಿಂಡುವ ಹದ ನಿಮಗೆ ಗೊತ್ತು. ಮುಷ್ಟಿಯಲ್ಲಿ ಒತ್ತಿದರೆ ಹನಿ ಬೀಳಬಾರದು, ಅಂಗೈ ಮಾತ್ರ ತೇವವಾಗಬೇಕು.

ನಾವು ಮೊದಲ ಸಲ ಕೆಡಿಸಿದ್ದು ಇಲ್ಲಿಯೇ. ಪಾಳಿಗೆ ಹೊತ್ತಾಯಿತೆಂಬ ಅವಸರದಲ್ಲಿ ಹುಲ್ಲು ಬಿಸಿಯಿರುವಾಗಲೇ ಬೀಜ ಹಾಕಿದೆವು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾದೀತೆ? ನಮ್ಮ ಮನೆಯಾಕೆ ಇದೇ ಮಾತು ಕೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ. ಅದೂ ಏಪ್ರಿಲ್ ತಿಂಗಳು. ಈ ಊರಿನ ಬೇಸಿಗೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ಆಗಿತ್ತು. ಚಿಪ್ಪಣಬೆಗೆ ಬೇಕಾದುದು 20ರಿಂದ 28 ಡಿಗ್ರಿ. ಇಲ್ಲಿ ಅದಕ್ಕೆ ಕಾಲವೆಂದರೆ ದೀಪಾವಳಿ ಕಳೆದ ಮೇಲೆ ಶುರುವಾಗಿ ಫೆಬ್ರವರಿಯವರೆಗೆ. ಎರಡನೆಯ ಸಲ ಕಾಲ ಸರಿಯಾಗಿತ್ತು, ಹುಲ್ಲು ಒದ್ದೆಯಾಗಿತ್ತು. ಹತ್ತು ದಿನಕ್ಕೆ ಚೀಲದಲ್ಲಿ ಹಸಿರು ಬೂಷ್ಟು ಎದ್ದು ಕೋಣೆಯೆಲ್ಲ ಮುಗ್ಗು ನಾತ. ಹಸಿರು ಕಂಡ ಚೀಲವನ್ನು ಬಿಚ್ಚದೆ ಹೊರಗೆ ಸಾಗಿಸಬೇಕು. ಅದಕ್ಕೆ ಮದ್ದಿಲ್ಲ, ಮರುಗುವುದೂ ಬೇಡ.

ಬೀಜವೆಂದರೆ ಬೇಯಿಸಿದ ಗೋಧಿ ಇಲ್ಲವೆ ಜೋಳದ ಕಾಳಿನ ಮೇಲೆ ಬೆಳೆದ ಬಿಳಿಯ ಬಲೆ. ಒಂದು ಕಿಲೋ ಒಣಹುಲ್ಲು ನೆಂದು ಮೂರು ಕಿಲೋಗೂ ಮಿಕ್ಕಿ ತೂಗುತ್ತದೆ. ಅಷ್ಟಕ್ಕೆ 100 ಗ್ರಾಂ ಬೀಜ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಅಂಚಿಗೆ ಒಂದಿಷ್ಟು ಬೀಜ, ಮತ್ತೆ ಹುಲ್ಲು, ಹೀಗೆ ಒತ್ತಿ ತುಂಬಿ ಬಾಯಿ ಕಟ್ಟಿ, ಸುತ್ತ ಹತ್ತು ಹದಿನೈದು ಸಣ್ಣ ತೂತು ಮಾಡಿ ಕತ್ತಲೆಯ ಮೂಲೆಯಲ್ಲಿಡಬೇಕು. ಕೈ ಸೋಪಿನಲ್ಲಿ ತೊಳೆದಿರಲಿ. 15ರಿಂದ 20 ದಿನದಲ್ಲಿ ಚೀಲವೆಲ್ಲ ಬೆಳ್ಳಗಾಗುತ್ತದೆ. ದೋಸೆಹಿಟ್ಟು ಹುದುಗು ಬರುವ ಮೊದಲು ಮುಚ್ಚಳ ತೆಗೆದು ತೆಗೆದು ನೋಡುವ ಹೊಸ ಹುಡುಗನನ್ನು ಭಟ್ಟರು ಬೈಯುವುದಿಲ್ಲವೆ? ಚೀಲವನ್ನೂ ಹಾಗೆಯೇ ಅದರ ಪಾಡಿಗೆ ಬಿಡಬೇಕು.

ಬೆಳ್ಳಗಾದ ಮೇಲೆ ಪ್ಲಾಸ್ಟಿಕ್ ಸೀಳಿ ತೆಗೆದು, ಬಿಸಿಲು ಬೀಳದ, ಆದರೆ ಬೆಳಕು ಗಾಳಿ ಇರುವ ಕಡೆ ತೂಗುಹಾಕಬೇಕು. ಈ ಊರಿನ ಚಳಿಗಾಲದ ಗಾಳಿ ಒಣಗಾಳಿ, ತುಟಿ ಒಡೆಯುವಂಥದು; ಅಣಬೆಗೆ ನಮ್ಮ ಕರಾವಳಿಯ ಹವೆ ಬೇಕು. ಸುತ್ತಲೂ ಒದ್ದೆ ಗೋಣಿ ಇಳಿಬಿಟ್ಟು ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಬೇಕು. ಸುರಿಯಬಾರದು, ಮೊಗ್ಗು ಕೊಳೆತೀತು. ಗಾಳಿ ಸಾಲದಿದ್ದರೆ ಕಾಂಡ ಉದ್ದವಾಗಿ ಕೊಡೆ ಚಿಕ್ಕದಾಗಿ ಸೊರಗುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಎಂಟು ಹತ್ತು ಮಂದಿ ಮಲಗುವ ನಮ್ಮ ಹುಡುಗರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊಗ್ಗು ಕಂಡ ಮೂರು ನಾಲ್ಕು ದಿನಕ್ಕೆ ಅಂಚು ಮೇಲಕ್ಕೆ ಮಡಿಯುವ ಮೊದಲೇ ತಿರುಚಿ ಕೀಳಬೇಕು. ಮತ್ತೆ ವಾರ ಹತ್ತು ದಿನಕ್ಕೆ ಎರಡನೆಯ ಬೆಳೆ, ಹಾಗೆಯೇ ಮೂರನೆಯದು. ಉಳಿದ ಹುಲ್ಲು ತುಳಸಿ ಕುಂಡಕ್ಕೆ ಗೊಬ್ಬರ.

ಅಂಚು ಮಡಿಯುವ ಮೊದಲು ಎಂದು ಒತ್ತಿ ಹೇಳಲು ಕಾರಣವಿದೆ. ಬಲಿತ ಅಣಬೆ ಕಣ್ಣಿಗೆ ಕಾಣದಂಥ ಹುಡಿಯನ್ನು ಲೆಕ್ಕವಿಲ್ಲದಷ್ಟು ಉದುರಿಸುತ್ತದೆ. ಅದು ಮೂಗಿಗೆ ಹೋದರೆ ಕೆಲವರಿಗೆ ಕೆಮ್ಮು, ಉಬ್ಬಸ. ಹತ್ತಿಯ ಧೂಳು ಕುಡಿದು ಎದೆ ಕೆಟ್ಟ ಹಿರಿಯರು ನಮ್ಮ ನಡುವೆ ಇದ್ದಾರೆ. 1980 ಮತ್ತು 90ರ ದಶಕಗಳಲ್ಲಿ ಈ ಊರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಅವರ ಕೆಲಸ ಹೋಯಿತು, ಕೆಮ್ಮು ಮಾತ್ರ ಜೊತೆಗೇ ಉಳಿಯಿತು. ಅಂಥವರು ಮಲಗುವ ಕೋಣೆಯಲ್ಲಿ ಒಂದು ಚೀಲವೂ ಬೇಡ. ಕರಪತ್ರದಲ್ಲಿ ಈ ಸಂಗತಿಯನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ಅಣಬೆ ಮಾಂಸಕ್ಕೆ ಸಮ ಎಂಬುದೂ ದೊಡ್ಡ ಮಾತು. ಹಸಿ ಅಣಬೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. 100 ಗ್ರಾಂನಲ್ಲಿ ಮೂರು ಗ್ರಾಂನಷ್ಟು ಪ್ರೋಟೀನು. ಅಷ್ಟೇ ತೂಕದ ತೊಗರಿಬೇಳೆಯಲ್ಲಿ 20 ಗ್ರಾಂಗೂ ಹೆಚ್ಚು. ಆದುದರಿಂದ ಬೇಳೆ ನಿಲ್ಲಿಸಿ ಅಣಬೆ ತಿನ್ನಿ ಎಂದು ನಾವು ಹೇಳುವುದಿಲ್ಲ. ಆದರೆ ಆಲೂಗಡ್ಡೆ ಪಲ್ಯವನ್ನೇ ವಾರವಿಡೀ ತಿನ್ನುವ ಮನೆಗೆ ಒಂದು ಹೊಸ ರುಚಿ, ಒಂದಿಷ್ಟು ಸತ್ತ್ವ ಬಂದರೆ ಅದು ಕಡಿಮೆಯೇನಲ್ಲ.

ಈಗ 30 ಸಾವಿರದ ಲೆಕ್ಕ. ಕಿಲೋಗೆ 150 ರೂಪಾಯಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. 30 ಸಾವಿರಕ್ಕೆ ತಿಂಗಳಿಗೆ 200 ಕಿಲೋ ಮಾರಬೇಕು. ಕಿಲೋ ಹುಲ್ಲಿನ ಒಂದು ಚೀಲದಿಂದ ನಮ್ಮಂಥವರ ಕೈಯಲ್ಲಿ ಮೂರು ಬೆಳೆ ಸೇರಿ 600 ಗ್ರಾಂ ಬಂದರೆ ಹೆಚ್ಚು. ಎಂದರೆ ಪ್ರತಿ ತಿಂಗಳೂ 330ಕ್ಕೂ ಮೇಲೆ ಹೊಸ ಚೀಲ. ಒಂದೊಂದು ಚೀಲ ಎರಡು ತಿಂಗಳು ಜಾಗ ಹಿಡಿಯುವುದರಿಂದ ಕೋಣೆಯಲ್ಲಿ ಯಾವಾಗಲೂ 600ಕ್ಕೂ ಹೆಚ್ಚು ಚೀಲ. ಹೆಂಡತಿ ಮಕ್ಕಳು ಎಲ್ಲಿ ಮಲಗಬೇಕು? ಹುಲ್ಲು, ಬೀಜ, ಗ್ಯಾಸು, ಬೇಸಿಗೆಗೆ ತಂಪು, ಇವುಗಳ ಖರ್ಚನ್ನು ನಾವಿನ್ನೂ ಕಳೆದೇ ಇಲ್ಲ.

ಮಾರುವುದಾದರೂ ಎಲ್ಲಿ? ಈ ಊರಿನಲ್ಲಿ ಜೈನರು, ವೈಷ್ಣವರು ಬಹಳ. ಅವರಲ್ಲಿ ಅನೇಕರ ಮನೆಯಲ್ಲಿ ಅಣಬೆ ಒಳಗೆ ಬರುವುದಿಲ್ಲ. ಅದು ಅವರ ನಡೆ, ನಾವು ಟೀಕಿಸುವುದಿಲ್ಲ. ಬಾಡಿಗೆ ಮನೆಯಲ್ಲಿರುವವರು ಚೀಲ ತೂಗುಹಾಕುವ ಮೊದಲು ಮನೆಯೊಡೆಯರಿಗೆ ಒಂದು ಮಾತು ಹೇಳುವುದು ಲೇಸು. ಹೋಟೆಲುಗಳು ಕೊಳ್ಳುವುದು ಬಹುಮಟ್ಟಿಗೆ ಗುಂಡಿಯಂಥ ಬಿಳಿ ಬಟನ್ ಅಣಬೆ, ಚಿಪ್ಪಣಬೆಯಲ್ಲ. ಇದು ನಾವು ಅಡುಗೆಮನೆಯಲ್ಲಿ ನಿಂತು ಕಂಡ ಮಾತು.

ನಮ್ಮ ಹಳೆಯ ಕೋಣೆಯ ಜೊತೆಗಾರನೊಬ್ಬ, ಕುಂದಾಪುರದ ಕಡೆಯ ಹುಡುಗ, ತಂಗಿಯ ಮದುವೆಗೆಂದು ಕೂಡಿಟ್ಟಿದ್ದ 40 ಸಾವಿರವನ್ನು ಇಂಥ ಒಂದು ಕಂಪೆನಿಗೆ ಕಟ್ಟಿದ. ತರಬೇತಿಯ ಫೀಸು ಬೇರೆ, ಸಿದ್ಧ ಚೀಲಗಳ ಬೆಲೆ ಬೇರೆ. ಬೆಳೆಯನ್ನು ತಾವೇ ಕೊಳ್ಳುವುದಾಗಿ ಕರಾರಿತ್ತು. 'ಗುಣಮಟ್ಟ ಒಪ್ಪಿಗೆಯಾದರೆ' ಎಂಬ ಮಾತೂ ಅದರಲ್ಲೇ ಇತ್ತು, ಇಂಗ್ಲಿಷಿನಲ್ಲಿ. ಅವನು ಬೆಳೆದದ್ದು ಚೆನ್ನಾಗಿಯೇ ಇತ್ತು, ನಾವು ನೋಡಿದ್ದೇವೆ. ಮೊದಲ ವಾರ ಕೊಂಡರು. ಎರಡನೆಯ ವಾರ ಒದ್ದೆಯೆಂದು ಅರ್ಧ ಬೆಲೆ ಹೇಳಿದರು. ಮೂರನೆಯ ವಾರ ಗಾಡಿ ಬರಲಿಲ್ಲ, ಫೋನೂ ಎತ್ತಲಿಲ್ಲ. ಆ ರಾತ್ರಿ ಹನ್ನೊಂದು ಕಿಲೋ ಅಣಬೆಯನ್ನು ಬಕೆಟ್ಟುಗಳಲ್ಲಿ ತುಂಬಿಕೊಂಡು ಅವನು ಹೋಟೆಲಿನ ಹಿಂಬಾಗಿಲಲ್ಲಿ ಕೂತಿದ್ದ. ತಿನ್ನಿ ಎಂದು ಎಲ್ಲರಿಗೂ ಹಂಚಿದ, ತಾನು ಮಾತ್ರ ತಿನ್ನಲಿಲ್ಲ.

ಈ ಮೋಸದ ಗುಟ್ಟು ಎಲ್ಲಿದೆಯೆಂದು ಯೋಚಿಸಿ. ಕಿತ್ತ ಅಣಬೆ ಹೊರಗೆ ಒಂದೆರಡು ದಿನಕ್ಕಿಂತ ತಡೆಯುವುದಿಲ್ಲ. ಮಾರುವವನಿಗೆ ಅವಸರ, ಕೊಳ್ಳುವವನಿಗಿಲ್ಲ. ಆದ್ದರಿಂದ ಕತ್ತಿಯ ಹಿಡಿ ಕೊಳ್ಳುವವನ ಕೈಯಲ್ಲಿ. ನಮಗೆ ಇದು ಹೊಸ ಪಾಠವೆ? ನಮ್ಮ ದುಡಿಮೆಯೂ ಅಂಥದೇ ಸರಕು. ಇಂದಿನ ಪಾಳಿಯನ್ನು ಇಂದು ಮಾರದಿದ್ದರೆ ನಾಳೆಗೆ ಎತ್ತಿಡಲು ಬರುವುದಿಲ್ಲ. ಒಬ್ಬೊಬ್ಬನೇ ಧಣಿಯ ಗಲ್ಲಾದ ಮುಂದೆ ನಿಂತಾಗ ಏನಾಗುತ್ತದೆಂದು ಕಂಡೇ ಅಲ್ಲವೆ ನಾವು ಸಂಘ ಕಟ್ಟಿಕೊಂಡದ್ದು? ಬಿಟ್ಟು ಬಂದ ಬಲೆಗೆ ಅಣಬೆಯ ಆಸೆಯಿಂದ ಮತ್ತೆ ಬೀಳುವುದು ಬೇಡ. ಮಾರಲೇಬೇಕೆನ್ನುವವರು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸುವುದನ್ನು ಮೊದಲು ಕಲಿಯಲಿ. ಹತ್ತು ಕಿಲೋ ಒಂದು ಕಿಲೋ ಆಗುತ್ತದೆ, ಆದರೆ ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಆಗ ಅವಸರ ನಮ್ಮದಲ್ಲ.

ಹಾಗಾಗಿ ನಮ್ಮ ಸೂಚನೆ ಇಷ್ಟು. ಮನೆಗೆ ಎರಡು ಚೀಲ. ಒಂದೂವರೆ ಎರಡು ತಿಂಗಳಲ್ಲಿ ಕಿಲೋ ಮೇಲೆ ಬರುತ್ತದೆ, ನಾಲ್ಕೈದು ರಾತ್ರಿಯ ಪಲ್ಯ. ಕೆಟ್ಟರೆ ಎರಡು ಕಿಲೋ ಹುಲ್ಲು ಹೋದೀತು, ತಂಗಿಯ ಮದುವೆಯ ಹಣ ಹೋಗದು. ಬೀಜದ ಕಿಲೋ ಪ್ಯಾಕೆಟ್ ಹತ್ತು ಚೀಲಕ್ಕಾಗುತ್ತದೆ. ಒಬ್ಬನೇ ತಂದರೆ ಹಾಳು, ಐದು ಮನೆ ಸೇರಿ ತಂದರೆ ಸರಿ. ಕಲಿಯುವವರು ಆನಂದ್ ಮತ್ತು ನವಸಾರಿಯ ಕೃಷಿ ವಿಶ್ವವಿದ್ಯಾಲಯಗಳಲ್ಲಿ ವಿಚಾರಿಸಲಿ. ಊರಿಗೆ ಹೋಗುವವರು ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಒಮ್ಮೆ ಹೋಗಿಬರಲಿ. ಅಲ್ಲಿ ಅಣಬೆಯ ವಿಭಾಗವೇ ಇದೆ. ಕಂಪೆನಿಗೆ ಕಟ್ಟುವ ಫೀಸಿನ ಮೊದಲು ಸರಕಾರದ ಬಾಗಿಲು ತಟ್ಟಿ ನೋಡುವುದು ಬುದ್ಧಿವಂತಿಕೆ.

ದೀಪಾವಳಿಯ ಮೇಲೆ ಲಾಭಪಂಚಮಿಯವರೆಗೆ ಅಂಗಡಿಗಳು ಮುಚ್ಚಿ ಹೋಟೆಲಿನಲ್ಲೂ ಗಿರಾಕಿ ಕಡಿಮೆ. ಆ ದಿನಗಳಲ್ಲಿ ಒಂದು ಮಧ್ಯಾಹ್ನ ಸಂಘದ ಕಚೇರಿಯಂಗಳದಲ್ಲಿ ಚೀಲ ಕಟ್ಟೋಣ. ಹಂಡೆಯನ್ನು ನಾವು ಒದಗಿಸುತ್ತೇವೆ. ಹೋಟೆಲಿನ ಇಡ್ಲಿ ಹಂಡೆಯನ್ನು ಯಾರೂ ಹೊತ್ತು ತರುವ ಸಾಹಸ ಮಾಡಬಾರದು. ಹೆಂಗಸರು ಬರಲೇಬೇಕು, ಪಾಳಿಗೆ ಹೋಗುವ ನಮಗಿಂತ ನೀರು ಚಿಮುಕಿಸುವವರು ಅವರೇ. ಬೀಜ ಬಹಳ ದಿನ ಕಾಯುವುದಿಲ್ಲವಾದ್ದರಿಂದ ಹೆಸರು ಮೊದಲೇ ಬರೆಸಬೇಕು. ಹುಲ್ಲು ಒಯ್ಯಲು ಗೋಣಿಚೀಲ ತಾವೇ ತರತಕ್ಕದ್ದು.