ಅಲೆಯ ಬೆಳಕು, ಗುಡ್ಡದ ಹೊಣೆ

2020ರ ನವೆಂಬರಿನಲ್ಲಿ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಕಡಲತೀರದಲ್ಲಿ ಇರುಳಿನ ಅಲೆಗಳು ನೀಲಿಯಾಗಿ ಹೊಳೆದವು. ಆ ಬೆಳಕಿನ ಮೂಲ ನಾಕ್ಟಿಲ್ಯೂಕಾ ಎಂಬ ಏಕಕೋಶ ಜೀವಿ. ಗಾತ್ರದಲ್ಲಿ ಹೆಚ್ಚೆಂದರೆ 2 ಮಿ.ಮೀ.

ಅಲೆಯ ಒತ್ತಡಕ್ಕೆ ಕೋಶದ ಪೊರೆ ಬಾಗಿದೊಡನೆ ಒಳಗೆ ವಿದ್ಯುತ್ ಸಂಕೇತವೊಂದು ಹರಿಯುತ್ತದೆ. ಆಮ್ಲೀಯ ರಸದಾನಿಯಿಂದ ಪ್ರೋಟಾನುಗಳು ಸಿಂಟಿಲಾನ್ ಎಂಬ ಸೂಕ್ಷ್ಮ ಕಣಗಳಿಗೆ ನುಗ್ಗುತ್ತವೆ. ಅಲ್ಲಿ ಆಮ್ಲತೆ ಏರಿದಾಗ ಲೂಸಿಫರೇಸ್ ಕಿಣ್ವವು ಚುರುಕುಗೊಂಡು, ಲೂಸಿಫೆರಿನ್ ವಸ್ತುವನ್ನು ಆಮ್ಲಜನಕದೊಡನೆ ಸಂಯೋಗಗೊಳಿಸುತ್ತದೆ. ಕ್ಷಣಾರ್ಧದ ತಣ್ಣನೆಯ ನೀಲಿ ಮಿಂಚು ಹೊಮ್ಮುತ್ತದೆ. ತಿನ್ನಬಂದ ಜೀವಿಯನ್ನು ಬೆದರಿಸುವ ಉಪಾಯ ಇದೆಂಬುದು ವಿಜ್ಞಾನಿಗಳ ಅಭಿಪ್ರಾಯ.

ಬೆಳಕು ನಿರುಪದ್ರವಿ. ಆದರೆ ಈ ಜೀವಿಗಳು ಮಿತಿಮೀರಿ ದಟ್ಟೈಸಿ ಕೊಳೆತಾಗ ನೀರಿನ ಆಮ್ಲಜನಕ ಕುಸಿಯುತ್ತದೆ, ಅಮೋನಿಯಾ ಏರುತ್ತದೆ, ಮೀನು ದೂರ ಸರಿಯುತ್ತದೆ. ಬರಿದಾಗುವುದು ಮೀನುಗಾರರ ಬಲೆ. ಪೋಷಕಾಂಶ ಹೆಚ್ಚಿದಾಗ ನಾಕ್ಟಿಲ್ಯೂಕಾದ ಆಹಾರವಾದ ಡಯಾಟಮ್ ಪಾಚಿಗಳು ಸೊಕ್ಕುತ್ತವೆ. ಆ ಪೋಷಕಾಂಶ ಮಳೆಗಾಲದಲ್ಲಿ ಕಡಲಾಳದಿಂದ ಸಹಜವಾಗಿಯೇ ಮೇಲೇಳುತ್ತದೆ. ಹೊಳೆಗಳೂ ಅದನ್ನು ಹೊತ್ತೊಯ್ಯುತ್ತವೆ. ಮೊದಲನೆಯದು ನಿಸರ್ಗದ ಕ್ರಮ, ಎರಡನೆಯದರಲ್ಲಿ ನಮ್ಮ ಪಾಲಿದೆ.

ಜಡಿಮಳೆಗೆ ಮುನ್ನ ಅಡಿಕೆ ತೋಟಕ್ಕೆ ಸುರಿದ ಯೂರಿಯಾದ ಒಂದು ಪಾಲು ಬಸಿಗಾಲುವೆ, ಹಳ್ಳ, ಹೊಳೆಗಳ ದಾರಿ ಹಿಡಿಯುತ್ತದೆ. ರೈತನಿಗೆ ಹಣ ನಷ್ಟ, ಕಡಲಿಗೆ ಭಾರ. ಮಳೆ ಬಿಡುವು ಕೊಟ್ಟಾಗ ಕಂತುಗಳಲ್ಲಿ ಗೊಬ್ಬರ ಹಾಕೋಣ. ಮರದ ಬುಡಕ್ಕೆ ಸೊಪ್ಪು ಹೊದಿಸೋಣ. ಸೊಪ್ಪಿನಬೆಟ್ಟವನ್ನೂ ಹಳ್ಳದಂಚಿನ ಕಾಡನ್ನೂ ಉಳಿಸಿಕೊಳ್ಳೋಣ. ವಿದ್ಯಾರ್ಥಿಗಳು ತಮ್ಮೂರಿನ ಹಳ್ಳ ಯಾವ ಹೊಳೆಯನ್ನು ಸೇರಿ ಎಲ್ಲಿ ಕಡಲಿಗಿಳಿಯುತ್ತದೆಂದು ನಕ್ಷೆಯಲ್ಲಿ ಗುರುತಿಸಲಿ. ಘಟ್ಟದ ಮೇಲಿನ ಬೇಸಾಯಕ್ಕೂ ಕೆಳಗಿನ ಮೀನುಗಾರಿಕೆಗೂ ಇರುವ ನಂಟು ಅಲ್ಲಿ ಸ್ಪಷ್ಟವಾಗುತ್ತದೆ.